ಮೇಪಲ್‌ಗೆ ಬೇಕಾದದ್ದು ಒಂದು ಚಳಿಗಾಲ

ಅಂಕಣ: ಕುಂಡದೊಳಗಿನ ಕಾಡು

ದೀಪಾವಳಿ ಮುಗಿದು ದೆಹಲಿಯಲ್ಲಿ ಹೊಗೆಮಂಜು ಶುರುವಾಗುವ ಹೊತ್ತಿಗೆ ನನ್ನ ಫೋನಿಗೆ ಪ್ರತಿವರ್ಷ ಒಂದೇ ಬಗೆಯ ಚಿತ್ರಗಳು ಬರತೊಡಗುತ್ತವೆ. ಚಿಕ್ಕದೊಂದು ಕುಂಡ, ಅದರಲ್ಲಿ ಕೊಡೆಯಂತೆ ಹರಡಿದ ಮರ, ಎಲೆಗಳೆಲ್ಲ ಅಚ್ಚ ನೀಲಿ. ಇನ್ನೊಂದರಲ್ಲಿ ನೇರಳೆ. ಕೆಳಗೆ ‘ಮೇಪಲ್ ಬೋನ್ಸಾಯ್ ಬೀಜ, ಇಪ್ಪತ್ತಕ್ಕೆ ನೂರೈವತ್ತು ರೂಪಾಯಿ, ಮನೆ ಬಾಗಿಲಿಗೆ ತಲುಪಿಸುತ್ತೇವೆ’ ಎಂಬ ಒಕ್ಕಣೆ. ಅದರ ಜೊತೆಗೆ ಮುಂಬಯಿಯಿಂದಲೋ ಚೆನ್ನೈಯಿಂದಲೋ ಈ ಅಂಕಣದ ಓದುಗರೊಬ್ಬರ ಪ್ರಶ್ನೆ: ‘ತರಿಸಲಾ?’

ಬೇಡ. ಒಂದೇ ಪದದಲ್ಲಿ ಈ ತಿಂಗಳ ಅಂಕಣ ಮುಗಿಸಿಬಿಡಬಹುದು. ಆದರೆ ಯಾಕೆ ಬೇಡ ಎಂದು ಹೇಳಬೇಕಾದರೆ ಮೇಪಲ್ ಎಂಬ ಮರದ ಸ್ವಭಾವವನ್ನೇ ಹೇಳಬೇಕು. ಅದು ಒಳ್ಳೆಯ ಕಥೆ. ಹೇಳಿಬಿಡುತ್ತೇನೆ.

ಮೊದಲು ಆ ಪೊಟ್ಟಣದ ವಿಷಯ. ಬೋನ್ಸಾಯ್ ಬೀಜ ಎಂಬುದು ಲೋಕದಲ್ಲಿ ಎಲ್ಲೂ ಇಲ್ಲ. ಬೋನ್ಸಾಯ್ ಅಂದರೆ ಒಂದು ಜಾತಿಯ ಗಿಡವಲ್ಲ, ಬೆಳೆಸುವ ಒಂದು ವಿಧಾನ. ಜಪಾನಿ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆಯಂಥ ಕುಂಡ, ‘ಸಾಯ್’ ಎಂದರೆ ನೆಡುವುದು. ಹುಣಸೆ ಬೀಜ ನೆಲಕ್ಕೆ ಬಿದ್ದರೆ ಊರ ಮುಂದಿನ ಮರ. ಕುಂಡಕ್ಕೆ ಬಿದ್ದು ನಮ್ಮ ಕತ್ತರಿಗೆ ಸಿಕ್ಕರೆ ಬೋನ್ಸಾಯ್. ಬೀಜ ಎರಡಕ್ಕೂ ಒಂದೇ. ಇನ್ನು ನೀಲಿ ಎಲೆಯ ಮೇಪಲ್ ಹುಟ್ಟುವುದು ಕಂಪ್ಯೂಟರಿನೊಳಗೆ ಮಾತ್ರ. ಮೇಪಲ್ ಎಲೆಯ ಹಸಿರು ಕ್ಲೋರೊಫಿಲ್‌ನದು, ಅದು ಕರಗಿದಾಗ ಕಾಣುವ ಹಳದಿ ಕೆರೋಟಿನಾಯ್ಡ್‌ಗಳದು, ಚಳಿ ರಾತ್ರಿ ಮತ್ತು ಬಿಸಿಲು ಹಗಲು ಸೇರಿದಾಗ ತುಂಬಿಕೊಳ್ಳುವ ಕೆಂಪು ಆಂಥೋಸಯನಿನ್‌ನದು. ಆ ಬಣ್ಣದ ಪೆಟ್ಟಿಗೆಯಲ್ಲಿ ಆಕಾಶನೀಲಿಗೆ ಜಾಗವಿಲ್ಲ.

ಪೊಟ್ಟಣದಲ್ಲಿರುವುದು ನಿಜವಾಗಿ ಮೇಪಲ್ ಬೀಜವೇ ಎಂದು ನೋಡುವುದು ಸುಲಭ. ಮೇಪಲ್ ಕಾಯಿಗೆ ರೆಕ್ಕೆ ಇರುತ್ತದೆ. ಎರಡೆರಡು ಜೊತೆಯಾಗಿ ಹುಟ್ಟಿ, ಬೇರ್ಪಟ್ಟು, ಗಾಳಿಯಲ್ಲಿ ಗಿರಗಿಟ್ಟಲೆಯಂತೆ ಸುತ್ತುತ್ತ ಇಳಿಯುತ್ತದೆ. ರೆಕ್ಕೆ ಮುರಿದಿದ್ದರೂ ಅದರ ಗುರುತು ಉಳಿದಿರುತ್ತದೆ. ದುಂಡಗೆ, ನುಣ್ಣಗೆ ಸಾಸಿವೆಯಂತಿದ್ದರೆ ಅದು ಬೇರೆ ಯಾವುದೋ ಗಿಡದ್ದು. ಅಸಲಿ ಬೀಜವೇ ಆಗಿದ್ದರೂ ಕುಂಡಕ್ಕೆ ಹಾಕಿ ನೀರೆರೆದರೆ ಮೊಳೆಯುವುದಿಲ್ಲ. ಒಂದು ದಿನ ನೀರಿನಲ್ಲಿ ನೆನೆಸಿ, ಒದ್ದೆ ಮರಳಿನಲ್ಲಿ ಬೆರೆಸಿ, ಚೀಲ ಕಟ್ಟಿ, ಮೂರು ನಾಲ್ಕು ತಿಂಗಳು ಫ್ರಿಜ್ಜಿನಲ್ಲಿಡಬೇಕು. ಒಂದು ಚಳಿಗಾಲ ಕಳೆಯಿತು ಎಂದು ಆ ಬೀಜಕ್ಕೆ ಖಾತ್ರಿಯಾಗುವವರೆಗೆ ಅದು ಕಣ್ಣು ತೆರೆಯುವುದಿಲ್ಲ.

ಬೀಜದ ಈ ಹಟವೇ ಮರಕ್ಕೂ ಇದೆ. ಇವತ್ತಿನ ಮಾತಿನ ಮುಖ್ಯ ಎಳೆ ಅದೇ.

ಗುರುತಿನ ಗೊಂದಲವೊಂದನ್ನು ಇಲ್ಲೇ ಬಿಡಿಸಿಬಿಡೋಣ. ಹಿಂದಿ ಸಿನಿಮಾಗಳಲ್ಲಿ ಕಾಶ್ಮೀರದ ಕೆಂಪೆಲೆಗಳ ಮೇಲೆ ನಾಯಕಿ ಓಡುತ್ತಾಳಲ್ಲ, ಅದು ಚಿನಾರ್. ಎಲೆಯ ಆಕಾರ ಹೋಲುವುದರಿಂದ ನಮ್ಮಲ್ಲಿ ಬಹಳ ಜನ ಅದನ್ನೇ ಮೇಪಲ್ ಎಂದುಕೊಂಡಿದ್ದಾರೆ. ಅವು ಬೇರೆ ಬೇರೆ ಕುಲದವು. ಕೊಂಬೆಯ ಮೇಲೆ ಎಲೆಗಳು ಎದುರುಬದುರಾಗಿ ಜೋಡಿ ಜೋಡಿ ಹುಟ್ಟಿದ್ದರೆ ಮೇಪಲ್. ಒಂದಾದ ಮೇಲೆ ಒಂದು ಆ ಕಡೆ ಈ ಕಡೆ ಹುಟ್ಟಿದ್ದರೆ ಚಿನಾರ್. ಚಿನಾರ್‌ಗೆ ಚೆಂಡಿನಂಥ ಕಾಯಿ, ಮೇಪಲ್‌ಗೆ ರೆಕ್ಕೆಯ ಕಾಯಿ. ಹಾಗೆಂದು ಮೇಪಲ್ ನಮ್ಮ ದೇಶಕ್ಕೆ ಪರಕೀಯವೇನಲ್ಲ. ಹಿಮಾಲಯದ ಉದ್ದಕ್ಕೂ ಅದರ ಹಲವು ಜಾತಿಗಳಿವೆ. ಎಲೆ ಸೀಳಿಲ್ಲದ, ಚಳಿಗಾಲದಲ್ಲೂ ಬಹುಪಾಲು ಹಸಿರಾಗಿಯೇ ಉಳಿಯುವ ಏಸರ್ ಒಬ್ಲಾಂಗಮ್ ಎಂಬುದು ಹಿಮಾಲಯದ ತಪ್ಪಲಿನವರೆಗೂ ಇಳಿದು ಬಂದಿದೆ.

ಬೋನ್ಸಾಯ್ ಮಾಡುವವರು ‘ಮೇಪಲ್’ ಎಂದಾಗ ಅವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಎರಡು. ಒಂದು ಜಪಾನಿ ಮೇಪಲ್, ಏಸರ್ ಪಾಲ್ಮೇಟಮ್, ಬೆರಳು ಬಿಡಿಸಿದ ಅಂಗೈಯಂಥ ಎಲೆ. ಇನ್ನೊಂದು ಟ್ರೈಡೆಂಟ್ ಮೇಪಲ್, ಎಲೆಗೆ ತ್ರಿಶೂಲದಂತೆ ಮೂರೇ ಮೊನೆ. ಮೇಪಲ್‌ಗೆ ಜಪಾನಿನಲ್ಲಿ ‘ಕಾಯೆದೆ’ ಎಂಬ ಹೆಸರಿದೆ. ಅದು ಬಂದದ್ದು ‘ಕಪ್ಪೆಯ ಕೈ’ ಎಂಬ ಅರ್ಥದ ಹಳೆಯ ಮಾತಿನಿಂದ. ಇನ್ನೊಂದು ಹೆಸರು ‘ಮೊಮಿಜಿ’. ಅಲ್ಲಿ ಮಗುವಿನ ಪುಟ್ಟ ಅಂಗೈಯನ್ನು ಮುದ್ದಿನಿಂದ ಮೊಮಿಜಿ ಎಲೆಗೆ ಹೋಲಿಸುತ್ತಾರೆ. ಕಪ್ಪೆಯ ಕೈಯಿಂದ ಕೂಸಿನ ಕೈವರೆಗೆ ಒಂದೇ ಎಲೆ.

ಟೋಕಿಯೊದ ಉತ್ತರಕ್ಕೆ ಸೈತಾಮಾ ಎಂಬಲ್ಲಿ ಓಮಿಯ ಬೋನ್ಸಾಯ್ ಗ್ರಾಮವಿದೆ. ಬೋನ್ಸಾಯ್ ಪ್ರಿಯರಿಗೆ ಅದೊಂದು ಯಾತ್ರಾಸ್ಥಳ. ಅದು ಹುಟ್ಟಿದ ಬಗೆ ನಮ್ಮಂಥ ಊರು ಬಿಟ್ಟವರು ತಿಳಿದಿರಬೇಕಾದದ್ದು. ಅದಕ್ಕೆ ಮೊದಲು ಬೋನ್ಸಾಯ್ ಬೆಳೆಗಾರರು ಟೋಕಿಯೊ ನಗರದೊಳಗೇ ಇದ್ದರು. 1923ರಲ್ಲಿ ಕಾಂತೊ ಭೂಕಂಪ ಬಂದು ನಗರ ಉರಿದುಹೋಯಿತು. ಮನೆ ಕಳೆದುಕೊಂಡವರು ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳಬಹುದಿತ್ತು. ಆದರೆ ಬೆಳೆಗಾರರಲ್ಲಿ ಕೆಲವರು ಒಳ್ಳೆಯ ಮಣ್ಣು, ಒಳ್ಳೆಯ ನೀರು, ಶುದ್ಧ ಗಾಳಿ ಇರುವ ಜಾಗ ಹುಡುಕಿಕೊಂಡು ಹೊರಟರು. 1925ರಲ್ಲಿ ಓಮಿಯದಲ್ಲಿ ನೆಲೆ ನಿಂತರು. ಅಲ್ಲಿ ಮನೆ ಮಾಡುವವರಿಗೆ ಅವರು ಹಾಕಿಕೊಂಡ ಕಟ್ಟಳೆಗಳು ಮಜವಾಗಿವೆ: ಕನಿಷ್ಠ ಹತ್ತು ಬೋನ್ಸಾಯ್ ಇಟ್ಟುಕೊಂಡಿರಬೇಕು, ಬಂದವರಿಗೆ ತೋಟದ ಬಾಗಿಲು ತೆರೆದಿರಬೇಕು, ಎರಡಂತಸ್ತಿನ ಮನೆ ಕಟ್ಟಬಾರದು, ಕಾಂಪೌಂಡ್ ಬದಲು ಗಿಡದ ಬೇಲಿಯೇ ಇರಬೇಕು. ಮರಕ್ಕೆ ಒಗ್ಗುವ ಊರನ್ನು ಹುಡುಕಿಕೊಂಡು ಮನುಷ್ಯರು ಸಂಸಾರ ಸಮೇತ ಹೋದರು. 2010ರಲ್ಲಿ ಅಲ್ಲಿಯೇ ಬೋನ್ಸಾಯ್‌ಗೆಂದೇ ಒಂದು ವಸ್ತುಸಂಗ್ರಹಾಲಯವೂ ಆಯಿತು.

ಅಂಥ ಕಡೆ ಮೇಪಲ್‌ನ ವರ್ಷ ಹೇಗೆ ಸಾಗುತ್ತದೆ? ಆರೈಕೆ ಎಂದರೆ ಆ ವರ್ಷದ ಜೊತೆ ಹೆಜ್ಜೆ ಹಾಕುವುದು.

ಚಳಿ ಇಳಿಯುತ್ತ ಬಂದು, ಮೊಗ್ಗು ಉಬ್ಬಿ, ಇನ್ನೂ ಒಡೆದಿಲ್ಲ ಎನ್ನುವಾಗ ಕುಂಡ ಬದಲಿಸುತ್ತಾರೆ. ಎಳೆಯ ಮರಕ್ಕೆ ಎರಡು ವರ್ಷಕ್ಕೊಮ್ಮೆ, ಹಳೆಯದಕ್ಕೆ ಇನ್ನೂ ತಡವಾಗಿ. ಬೇರಿನ ಉಂಡೆಯನ್ನು ಹೊರತೆಗೆದು, ಬಾಚಿ, ಮೂರನೇ ಒಂದು ಪಾಲಿನಷ್ಟು ಕತ್ತರಿಸಿ, ಹೊಸ ಮಣ್ಣು ತುಂಬುತ್ತಾರೆ. ಮಣ್ಣು ಅಂದರೆ ನಮ್ಮ ತೋಟದ ಮಣ್ಣಲ್ಲ. ಜಪಾನಿನಲ್ಲಿ ಅಕಾದಾಮ ಎಂಬ ಕಾಳುಕಾಳಾದ ಜೇಡಿ ಬಳಸುತ್ತಾರೆ. ನಮ್ಮಲ್ಲಿ ಅದಕ್ಕೆ ಬದಲು ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ಪುಡಿಯೆಲ್ಲ ತೆಗೆದು, ಕಡಲೆಬೇಳೆ ಗಾತ್ರದ ಚೂರು ಮಾತ್ರ ಇಟ್ಟುಕೊಳ್ಳಬಹುದು. ಅದಕ್ಕೆ ದಪ್ಪ ಮರಳು, ಸ್ವಲ್ಪ ಎಲೆಗೊಬ್ಬರ. ನೀರು ಹಾಕಿದರೆ ಕುಂಡದ ತೂತಿನಿಂದ ಕೂಡಲೇ ಹೊರಬರಬೇಕು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು.

ವಸಂತದಲ್ಲಿ ಚಿಗುರು ಚಿವುಟುವ ಕೆಲಸ. ಮೊದಲ ಜೋಡಿ ಎಲೆ ಬಿಚ್ಚುತ್ತಿದ್ದಂತೆ ನಡುವಿನ ಎಳೆ ಕುಡಿಯನ್ನು ಬೆರಳ ತುದಿಯಿಂದ ತೆಗೆಯುತ್ತಾರೆ. ಬಿಟ್ಟರೆ ಅದು ಒಂದು ವಾರದಲ್ಲಿ ಗೇಣುದ್ದ ಓಡಿ, ಗೆಣ್ಣುಗಳ ನಡುವೆ ಅಂತರ ಹೆಚ್ಚಿ, ಮರದ ಅಳತೆ ಕೆಡುತ್ತದೆ. ಮೇ ಕೊನೆ, ಜೂನ್ ಹೊತ್ತಿಗೆ, ಗಟ್ಟಿಮುಟ್ಟಾದ ಮರವಾದರೆ ಮಾತ್ರ, ತೊಟ್ಟು ಉಳಿಸಿ ಎಲೆಗಳನ್ನೆಲ್ಲ ಕತ್ತರಿಸುವ ರೂಢಿಯಿದೆ. ಆಮೇಲೆ ಬರುವ ಎರಡನೇ ಬೆಳೆಯ ಎಲೆ ಚಿಕ್ಕದು. ಸೊರಗಿದ ಮರಕ್ಕೆ ಇದನ್ನು ಮಾಡಿದರೆ ಅದರ ಕೊನೆಯ ಗಂಟನ್ನೂ ಕಿತ್ತುಕೊಂಡಂತೆ. ಕೊಂಬೆ ಬಾಗಿಸಲು ತಂತಿ ಸುತ್ತುವುದಾದರೆ ವಾರಕ್ಕೊಮ್ಮೆ ನೋಡುತ್ತಿರಬೇಕು. ಮೇಪಲ್‌ನ ತೊಗಟೆ ತೆಳು, ತಂತಿ ಒತ್ತಿದ ಗುರುತು ವರ್ಷಗಟ್ಟಲೆ ಮಾಸುವುದಿಲ್ಲ.

ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು, ದಿನಕ್ಕೆ ಎರಡು ಸಲ ನೀರು. ಶರತ್ಕಾಲದಲ್ಲಿ ಬಣ್ಣ. ಓಮಿಯದ ಕಡೆ ನವೆಂಬರ್ ಕೊನೆಗೆ ಮರಗಳು ಉರಿಯುವ ಹಾಗೆ ಕಾಣುತ್ತವೆ. ಆಮೇಲೆ ಎಲೆಯೆಲ್ಲ ಉದುರಿ, ಬರೀ ಕೊಂಬೆಯ ಜಾಲ ಉಳಿಯುತ್ತದೆ. ತಿಳಿದವರು ಮೇಪಲ್ ಬೋನ್ಸಾಯ್ ನೋಡಲು ಆರಿಸಿಕೊಳ್ಳುವುದು ಈ ಬೋಳು ಹೊತ್ತನ್ನೇ. ಬೆಳೆಸಿದವನ ಹತ್ತಿಪ್ಪತ್ತು ವರ್ಷದ ಕೈಕೆಲಸ ಆಗ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಬೋಳಾದ ಮರ ಸುಮ್ಮನೆ ನಿಂತಿರುತ್ತದೆ ಎಂದುಕೊಳ್ಳಬೇಡಿ. ಅದು ಲೆಕ್ಕ ಹಾಕುತ್ತಿರುತ್ತದೆ. ಹಗಲು ಕಿರಿದಾಗುತ್ತಿದ್ದಂತೆ ಮರ ಬೆಳವಣಿಗೆ ನಿಲ್ಲಿಸಿ, ಎಲೆಯ ಸಾರವನ್ನು ಕಾಂಡಕ್ಕೂ ಬೇರಿಗೂ ಎಳೆದುಕೊಂಡು, ಮೊಗ್ಗುಗಳಿಗೆ ಬೀಗ ಹಾಕುತ್ತದೆ. ನಡು ಚಳಿಗಾಲದಲ್ಲಿ ನಾಲ್ಕು ದಿನ ಬಿಸಿಲು ಬಂತೆಂದು ಚಿಗುರೊಡೆದರೆ ಮುಂದಿನ ಹಿಮಕ್ಕೆ ಎಲ್ಲ ಸುಟ್ಟುಹೋಗುತ್ತದೆ. ಅದಕ್ಕೇ ಮರ ಬಿಸಿಲನ್ನು ನಂಬುವುದಿಲ್ಲ, ಕಳೆದ ಚಳಿಯನ್ನು ಎಣಿಸುತ್ತದೆ. ಸಾಕಷ್ಟು ಚಳಿ ಜಮೆಯಾದ ಮೇಲೆ ಮಾತ್ರ ಬೀಗ ತೆಗೆಯುತ್ತದೆ. ಹಿಮಾಚಲದ ಸೇಬು ಬೆಳೆಗಾರರು ಇದನ್ನೇ ‘ಚಿಲ್ಲಿಂಗ್ ಅವರ್ಸ್’ ಎನ್ನುತ್ತಾರೆ. ಅಲ್ಲಿನ ಹಳೆಯ ಡೆಲಿಷಸ್ ತಳಿಗಳಿಗೆ 7 ಡಿಗ್ರಿಗಿಂತ ಕೆಳಗೆ ಸುಮಾರು 1000 ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. 1000 ಗಂಟೆ ಎಂದರೆ ಹಗಲು ರಾತ್ರಿ ಸೇರಿಸಿ ಹೆಚ್ಚುಕಡಿಮೆ ನಲವತ್ತೆರಡು ದಿನ. ಸೇಬಿನಲ್ಲಿ ಕಡಿಮೆ ಚಳಿ ಸಾಕೆನ್ನುವ ತಳಿಗಳೂ ಬಂದಿವೆ. ಜಪಾನಿ ಮೇಪಲ್‌ನ ಲೆಕ್ಕವೂ ಇದೇ ದಾರಿಯದು: ಒಂದೂವರೆ ಎರಡು ತಿಂಗಳ ಗಟ್ಟಿ ಚಳಿ ಬೇಕು.

ಈಗ ನಮ್ಮ ಊರುಗಳ ಲೆಕ್ಕ ನೋಡಿ. ‘ನಮ್ಮ ಬೆಂಗಳೂರು ತಂಪು, ಅಲ್ಲಿ ಅಕ್ಕನ ಮನೆಯಲ್ಲಿ ಇಡಲಾ’ ಎಂದು ಕೇಳಿದವರಿದ್ದಾರೆ. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಈವರೆಗಿನ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ, ಒಂದು ದಿನ. ಅಂದರೆ ಮೇಪಲ್ ಎಣಿಸಲು ಶುರುಮಾಡುವ ಗೆರೆಯನ್ನು ಬೆಂಗಳೂರು ಒಮ್ಮೆಯೂ ದಾಟಿಲ್ಲ. ಮುಂಬಯಿ, ಚೆನ್ನೈಗಳ ಮಾತು ಬೇಡ. ಪುಣೆ, ಹೈದರಾಬಾದಿನಲ್ಲಿ ಕೆಲವು ರಾತ್ರಿ ಚಳಿ ಬೀಳುತ್ತದೆ, ಮಧ್ಯಾಹ್ನ ಶರ್ಟಿನ ಮೇಲಿನ ಗುಂಡಿ ಬಿಚ್ಚಬೇಕಾಗುತ್ತದೆ. ಉಳಿದದ್ದು ನಮ್ಮ ದೆಹಲಿ. ಇಲ್ಲಿ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ರಾತ್ರಿಗಳು ನಿಜವಾಗಿಯೂ ತಣ್ಣಗಿರುತ್ತವೆ. ಆದರೆ ಮೇ ತಿಂಗಳಲ್ಲಿ 45 ಡಿಗ್ರಿ ಬಿಸಿಲೂ, ಅದರ ಜೊತೆ ‘ಲೂ’ ಗಾಳಿಯೂ ಬಂದು ಆ ಉಪಕಾರವನ್ನು ಬಡ್ಡಿ ಸಮೇತ ವಸೂಲು ಮಾಡುತ್ತವೆ.

ದ್ವಾರಕಾದಲ್ಲಿ ನಮ್ಮ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಎಂಟು ವರ್ಷದಿಂದ ಒಂದು ಟ್ರೈಡೆಂಟ್ ಮೇಪಲ್ ಇದೆ. ಜಪಾನಿ ಮೇಪಲ್‌ಗಿಂತ ಟ್ರೈಡೆಂಟ್ ಬಿಸಿಲನ್ನು ಹೆಚ್ಚು ತಾಳುತ್ತದೆ ಎಂದೇ ಬೆಟ್ಟದ ನರ್ಸರಿಯಿಂದ ಅದನ್ನು ಆರಿಸಿ ತಂದೆ. ಮೂಡಣ ದಿಕ್ಕು, ಹತ್ತು ಗಂಟೆಯವರೆಗೆ ಮಾತ್ರ ಬಿಸಿಲು, ಏಪ್ರಿಲ್‌ನಿಂದ ಹಸಿರು ಬಲೆ. ಕುಂಡವನ್ನು ಒದ್ದೆ ಮರಳಿನ ತಟ್ಟೆಯ ಮೇಲಿಟ್ಟು, ಬೇರು ಕಾಯದಂತೆ ಸುತ್ತ ಗೋಣಿ ಸುತ್ತುತ್ತೇನೆ. ನಮ್ಮ ಬೋರಿನ ನೀರು ಗಡಸು. ಹಾಕುತ್ತ ಹೋದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕೂರುತ್ತದೆ, ಎಲೆಯಂಚು ಕರಕಾಗುತ್ತದೆ. ಅದಕ್ಕೆ ಮಳೆನೀರು, ಇಲ್ಲವೆಂದರೆ ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದಿಡುತ್ತೇನೆ. ನೀರು ಶುದ್ಧಮಾಡುವ ಆರ್‌ಓ ಯಂತ್ರ ಹೊರಬಿಡುವ ನೀರನ್ನು ಉಳಿತಾಯ ಎಂದು ಹಾಕುವವರಿದ್ದಾರೆ, ಹಾಕಬೇಡಿ. ಉಪ್ಪೆಲ್ಲ ಸೇರಿಕೊಂಡಿರುವುದೇ ಅದರಲ್ಲಿ. ಇಷ್ಟೆಲ್ಲ ಮಾಡಿದರೂ ಪ್ರತಿ ಜೂನ್‌ನಲ್ಲಿ ಅರ್ಧ ಎಲೆ ಸುಡುತ್ತದೆ, ಮಳೆ ಬಂದ ಮೇಲೆ ಹೊಸದು ಬರುತ್ತದೆ, ಡಿಸೆಂಬರಿನಲ್ಲಿ ಕೆಂಪಾಗದೆ ಮಾಸಲು ಹಳದಿಯಾಗಿ ಉದುರುತ್ತದೆ. ಬದುಕಿದೆ. ಓಮಿಯದ ಚಿತ್ರಗಳ ಪಕ್ಕದಲ್ಲಿಟ್ಟರೆ ಅದೇ ಮರದ ಬಡ ನೆಂಟನ ಹಾಗೆ ಕಾಣುತ್ತದೆ.

ಇದನ್ನೆಲ್ಲ ಹಿಂದೊಮ್ಮೆ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನೋದಿ ಹೈದರಾಬಾದಿನಿಂದ ಒಬ್ಬ ಹಿರಿಯ ಮಹಿಳೆ ಫೋನ್ ಮಾಡಿದರು. ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ. ಧಾರವಾಡದ ಕಡೆಯವರು. ಯಜಮಾನರದು ಕೇಂದ್ರ ಸರ್ಕಾರದ ನೌಕರಿ, ಶಿಮ್ಲಾದಲ್ಲಿ ಇಪ್ಪತ್ತನಾಲ್ಕು ವರ್ಷ. ಅವರು ಅಲ್ಲಿ ಒಂದು ಜಪಾನಿ ಮೇಪಲ್ ಸಸಿಯನ್ನು ಕುಂಡದಲ್ಲಿ ಹತ್ತೊಂಬತ್ತು ವರ್ಷ ಬೆಳೆಸಿದ್ದರು. ಅವರು ತೀರಿಕೊಂಡ ಮೇಲೆ ಮಗ ಬಂದು ತಾಯಿಯನ್ನು ಹೈದರಾಬಾದಿಗೆ ಕರೆದೊಯ್ದ. ಸಾಮಾನಿನ ಜೊತೆ ಆ ಮರವೂ ಬಂತು.

‘ಗೊಬ್ಬರ ಎಷ್ಟ್ ಹಾಕ್ಲಿರಿ? ತಿಂಗಳಿಗೆ ಎರಡ ಸಲ ಹಾಕ್ತೀನಿ, ಆದ್ರೂ ಏಳವಲ್ತು. ನಮ್ಮನಿಯವ್ರು ಇದ್ದಾಗ ಒಂದ ಎಲಿ ಸುಟ್ಟಿದ್ದಿಲ್ರಿ’ ಎಂದರು.

ಚಿತ್ರ ಕಳಿಸಲು ಹೇಳಿದೆ. ನೋಡಿದರೆ ಎಲ್ಲ ಪುಸ್ತಕದಲ್ಲಿ ಬರೆದ ಹಾಗೇ ಇತ್ತು. ಮೊದಲ ವರ್ಷ ಎಲೆ ಉದುರಿದ್ದೇ ಜನವರಿಯಲ್ಲಿ, ಅದೂ ಅರ್ಧಂಬರ್ಧ. ಎರಡನೇ ವರ್ಷ ತುದಿಯ ಮೊಗ್ಗು ಮಾತ್ರ ಒಡೆದು, ಒಳಗಿನವು ಕುರುಡಾಗಿ ಉಳಿದಿದ್ದವು. ಒಂದು ಕೊಂಬೆ ಒಣಗಿತ್ತು. ಮರ ತನ್ನ ಬೇರಿನ ಉಳಿತಾಯವನ್ನೇ ತಿಂದುಕೊಂಡು ದಿನ ತಳ್ಳುತ್ತಿತ್ತು. ಗೊಬ್ಬರ ನಿಲ್ಲಿಸಿ ಎಂದು ಹೇಳಿ, ಈ ಚಿಲ್ಲಿಂಗ್ ಲೆಕ್ಕವನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತಿನಲ್ಲಿ ಹೇಳಿದರು: ‘ಹಂಗಾರ ಇದಕ್ಕ ಇಲ್ಲಿ ನಿದ್ದಿ ಹತ್ತವಲ್ದು ಅನ್ರಿ.’

ಹೌದು, ನಾನು ಇಷ್ಟು ಉದ್ದಕ್ಕೆ ಹೇಳಿದ್ದರ ಸಾರಾಂಶ ಅಷ್ಟೇ.

ಮುಂದಿನ ದಾರಿ ಮೂರಿದ್ದವು. ಒಂದು, ಫ್ರಿಜ್. ಉಷ್ಣ ಪ್ರದೇಶದ ಕೆಲವು ಹಟವಾದಿ ಹವ್ಯಾಸಿಗಳು ಎಲೆ ಉದುರಿದ ಚಿಕ್ಕ ಮರವನ್ನು ಎರಡು ತಿಂಗಳು 4 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟು ಚಳಿಗಾಲ ಕೊಡುತ್ತಾರೆ. ಎಲೆ ಇಲ್ಲದ್ದರಿಂದ ಬೆಳಕಿನ ಅಗತ್ಯವಿಲ್ಲ, ಬೇರು ಒಣಗದಂತೆ ನೋಡಿಕೊಂಡರೆ ಸಾಕು. ಆದರೆ ಪಕ್ಕದಲ್ಲಿ ಮಾಗುವ ಹಣ್ಣಿಡಬಾರದು. ಅದು ಬಿಡುವ ಎಥಿಲೀನ್ ಅನಿಲ ಮೊಗ್ಗಿಗೆ ಕೆಟ್ಟದ್ದು. ದೋಸೆ ಹಿಟ್ಟು, ಸೊಪ್ಪು, ಮೊಮ್ಮಕ್ಕಳ ಐಸ್‌ಕ್ರೀಮು ಇರುವ ಸಂಸಾರದ ಫ್ರಿಜ್ಜಿನಲ್ಲಿ ಎರಡಡಿ ಮರ ಎರಡು ತಿಂಗಳು ಇರುವುದು ಆಗದ ಮಾತು. ಇಟ್ಟರೂ ಹೈದರಾಬಾದಿನ ಏಪ್ರಿಲ್ ಅದಕ್ಕಾಗಿ ಕಾದೇ ಇರುತ್ತದೆ. ಎರಡನೇ ದಾರಿ, ಇದ್ದಷ್ಟು ದಿನ ಇರಲಿ ಎಂದು ನೆರಳಿನಲ್ಲಿಟ್ಟು ನೋಡಿಕೊಳ್ಳುವುದು. ಬಹುಶಃ ಇನ್ನೊಂದು ಬೇಸಿಗೆ, ಹೆಚ್ಚೆಂದರೆ ಎರಡು. ಮೂರನೆಯದು, ಮರವನ್ನು ಚಳಿ ಇರುವ ಊರಿಗೆ ವಾಪಸು ಕಳಿಸುವುದು.

ಮೂರನೆಯದನ್ನು ಹೇಳುವಾಗ ನನಗೇ ಮಾತು ತಡವರಿಸಿತು. ಆ ಮನೆಯಲ್ಲಿ ಯಜಮಾನರ ಕೈ ಮುಟ್ಟಿದ ಜೀವಂತ ವಸ್ತು ಅಂತ ಉಳಿದದ್ದು ಅದೊಂದೇ.

ಆಗ ನಾನು ಅವರಿಗೆ ಹೇಳಿದ್ದು ಒಂದು ಪೈನ್ ಮರದ ಸಂಗತಿ. ಹಿರೋಶಿಮಾದ ಯಮಾಕಿ ಎಂಬ ಬೋನ್ಸಾಯ್ ಕುಟುಂಬದಲ್ಲಿ 1625ರಿಂದ ಕುಂಡದಲ್ಲಿ ಬೆಳೆದು ಬಂದ ಬಿಳಿ ಪೈನ್ ಮರವೊಂದಿತ್ತು. 1945ರ ಆಗಸ್ಟ್ 6ರಂದು ಬಾಂಬು ಬಿದ್ದದ್ದು ಅವರ ಮನೆಯಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ. ಮನೆಯವರೂ ಉಳಿದರು, ಗೋಡೆಯ ಮರೆಯಲ್ಲಿದ್ದ ಮರವೂ ಉಳಿಯಿತು. 1976ರಲ್ಲಿ ಜಪಾನಿನ ಬೋನ್ಸಾಯ್ ಬಳಗ ಅಮೆರಿಕಕ್ಕೆ ಐವತ್ತಮೂರು ಮರಗಳನ್ನು ಉಡುಗೊರೆ ಕೊಟ್ಟಾಗ ಯಮಾಕಿಯವರು ಈ ಮರವನ್ನೇ ಕೊಟ್ಟರು. ಅದು ಬಾಂಬಿನಿಂದ ಬದುಕುಳಿದದ್ದು ಎಂದು ಯಾರಿಗೂ ಹೇಳಿಕೊಳ್ಳಲಿಲ್ಲ. 2001ರಲ್ಲಿ ಅವರ ಮೊಮ್ಮಕ್ಕಳು ವಾಷಿಂಗ್ಟನ್ನಿಗೆ ಆ ಮರ ನೋಡಲು ಬಂದಾಗಲೇ ಅಲ್ಲಿನವರಿಗೆ ವಿಷಯ ತಿಳಿದದ್ದು. ಮೂರು ನಾಲ್ಕು ತಲೆಮಾರು ಬಾಳುವ ಮರವನ್ನು ಯಾರೂ ಪೂರ್ತಿಯಾಗಿ ಇಟ್ಟುಕೊಳ್ಳಲಾಗುವುದಿಲ್ಲ. ತನ್ನ ಪಾಳಿ ಮುಗಿದ ಮೇಲೆ ಸರಿಯಾದ ಕೈಗೆ ದಾಟಿಸುವುದೂ ಆರೈಕೆಯ ಲೆಕ್ಕದಲ್ಲೇ ಬರುತ್ತದೆ.

ಅವರು ಹತ್ತು ದಿನ ಏನೂ ಹೇಳಲಿಲ್ಲ. ಆಮೇಲೆ ಫೋನ್ ಬಂತು. ‘ನಾನಂತೂ ಇನ್ನ ಶಿಮ್ಲಾಕ್ಕ ಹೋಗಾಕಿ ಅಲ್ಲ. ಅದಾದ್ರೂ ಹೋಗ್ಲಿ.’

ಶಿಮ್ಲಾದಲ್ಲಿ ಯಜಮಾನರ ಜೊತೆ ಸಂಜೆ ಇಸ್ಪೀಟು ಆಡುತ್ತಿದ್ದ ಪಕ್ಕದ ಮನೆಯವರು ಮರ ನೋಡಿಕೊಳ್ಳಲು ಒಪ್ಪಿದರು. ಎಲೆ ಇಲ್ಲದ ಜನವರಿಯೇ ಮೇಪಲ್ ಸಾಗಿಸಲು ಸರಿಯಾದ ಕಾಲ. ಮೊಮ್ಮಗ ಸಂದರ್ಶನಕ್ಕೆಂದು ದೆಹಲಿಗೆ ಬರುವವನಿದ್ದ. ಉಳಿದಿದ್ದ ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಸಿ, ಬೇರಿಗೆ ಒದ್ದೆ ಗೋಣಿ ಸುತ್ತಿ, ಕುಂಡವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ ಕಟ್ಟಲು ಹೇಳಿದ್ದೆ. ತೆಲಂಗಾಣ ಎಕ್ಸ್‌ಪ್ರೆಸ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಸೀಟಿನ ಕೆಳಗೆ ಬಂದ ಮರ ನಮ್ಮ ಬಾಲ್ಕನಿಯಲ್ಲಿ ಎರಡು ರಾತ್ರಿ ತಂಗಿತು. ಉಗುರಿನಿಂದ ಕಾಂಡವನ್ನು ಚೂರೇ ಕೆರೆದು ನೋಡಿದೆ. ತೊಗಟೆಯ ಕೆಳಗೆ ಹಸಿರಿತ್ತು. ಹಸಿರಿದ್ದರೆ ಜೀವವಿದೆ ಎಂದರ್ಥ. ಕಂದು ಬಣ್ಣ ಕಂಡರೆ ಆ ಕೊಂಬೆಯ ಆಸೆ ಬಿಡಬೇಕು. ಮೂರನೇ ದಿನ ಕಾಶ್ಮೀರಿ ಗೇಟಿನಿಂದ ರಾತ್ರಿ ಬಸ್ಸಿನಲ್ಲಿ ಹುಡುಗ ಅದನ್ನು ಬೆಟ್ಟಕ್ಕೆ ಮುಟ್ಟಿಸಿ ಬಂದ. ಅಲ್ಲಿ ಆ ವಾರವೇ ಹಿಮ ಬಿತ್ತಂತೆ.

ಏಪ್ರಿಲ್‌ನಲ್ಲಿ ಚಿತ್ರ ಬಂತು. ನಾಲ್ಕು ಕೊಂಬೆಗಳಲ್ಲಿ ಮೂರು ಚಿಗುರಿದ್ದವು, ಒಳಗಿನ ಕಣ್ಣುಗಳೂ ಒಡೆದಿದ್ದವು. ಒಣಗಿದ ನಾಲ್ಕನೆಯದನ್ನು ಅವರು ಕತ್ತರಿಸಿ, ಗಾಯಕ್ಕೆ ಮುಲಾಮು ಹಚ್ಚಿದ್ದರು. ಮೂರೇ ಕೊಂಬೆಯ ಮರ ಮೊದಲಿನಷ್ಟು ಚೆಂದ ಇಲ್ಲ. ಸರಿಯಾಗಲು ಇನ್ನೂ ಆರೇಳು ವರ್ಷ ಬೇಕು. ಹೈದರಾಬಾದಿನ ಅಮ್ಮನವರಿಗೆ ಆ ಚಿತ್ರ ಮೊದಲೇ ತಲುಪಿತ್ತು. ಅದರ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ. ‘ಹುಣಸಿ ಬೀಜ ಊರಿದ್ರ ಎಷ್ಟ್ ದಿನಕ್ಕ ಮರದಂಗ ಕಾಣ್ತದ್ರಿ?’ ಎಂದು ಕೇಳಿದರು.

ಅದಕ್ಕೆ ಉತ್ತರ ಎಲ್ಲರಿಗೂ ಅನ್ವಯಿಸುವುದರಿಂದ ಇಲ್ಲೇ ಕೊಡುತ್ತೇನೆ. ಐದಾರು ವರ್ಷಕ್ಕೆ ಕಾಂಡ ಒಂದು ರೂಪಕ್ಕೆ ಬರುತ್ತದೆ, ಹತ್ತಕ್ಕೆ ನೋಡಿದವರು ಮರ ಎನ್ನುತ್ತಾರೆ. ನಮ್ಮ ಬಯಲು ನಾಡಿನ ಊರುಗಳಿಗೆ ಹುಣಸೆಯಂಥ ಬೋನ್ಸಾಯ್ ಮರ ಇನ್ನೊಂದಿಲ್ಲ. ತೊಗಟೆ ಬೇಗ ಬಿರಿದು ಹಳೆಯದರಂತೆ ಕಾಣುತ್ತದೆ, ಎಲೆ ಹುಟ್ಟಿನಿಂದಲೇ ಸಣ್ಣದು, ಸಂಜೆ ಮಡಚಿಕೊಂಡು ಬೆಳಿಗ್ಗೆ ಬಿಚ್ಚಿಕೊಳ್ಳುತ್ತದೆ. ಅದರ ನಿದ್ದೆಗೆ ಒಂದು ರಾತ್ರಿ ಸಾಕು. ಆಲ, ಅರಳಿ, ಬಸರಿ, ಅತ್ತಿ ಇವುಗಳೂ ಆಗುತ್ತವೆ. ಹಳೆಯ ಗೋಡೆಯ ಬಿರುಕಿನಲ್ಲಿ, ಮಳೆನೀರಿನ ಪೈಪಿನ ಸಂದಿನಲ್ಲಿ ಪುಕ್ಕಟೆ ಹುಟ್ಟಿರುತ್ತವೆ. ಸೊಸೈಟಿಯವರು ಕಿತ್ತೆಸೆಯುವ ಮೊದಲು ನೀವು ತಂದುಕೊಳ್ಳಿ. ಬೋಗನ್‌ವಿಲ್ಲಾ ಬಿಸಿಲಿಗೆ ಹೆದರುವುದಿಲ್ಲ. ಮುಂದಿನ ಸಲ ಮೈಸೂರಿಗೆ ಹೋದಾಗ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಮೈಸೂರಿನ ಹವೆಯಲ್ಲಿ ಕುಂಡದ ಮರಗಳು ಎಷ್ಟು ಚೆನ್ನಾಗಿ ಬಾಳುತ್ತವೆ ಎಂದು ಕಣ್ಣಾರೆ ನೋಡಬಹುದು.

ಹಾಗಾದರೆ ಮೇಪಲ್ ಆಸೆ? ಶಿಮ್ಲಾ, ಡಾರ್ಜಿಲಿಂಗ್, ಗ್ಯಾಂಗ್‌ಟಾಕ್ ಕಡೆ ಇರುವ ಕನ್ನಡಿಗರು ಧಾರಾಳವಾಗಿ ಬೆಳೆಸಿ, ನಮಗೆ ಚಿತ್ರ ಕಳಿಸಿ. ದೆಹಲಿಯವರು ಟ್ರೈಡೆಂಟನ್ನೋ ಏಸರ್ ಒಬ್ಲಾಂಗಮನ್ನೋ ಪ್ರಯತ್ನಿಸಬಹುದು, ಮೂಡಣದ ಬಾಲ್ಕನಿ ಇದ್ದರೆ. ಉಳಿದವರು ಆ ನೂರೈವತ್ತು ರೂಪಾಯಿಯಲ್ಲಿ ಒಂದು ಒಳ್ಳೆಯ ಜರಡಿ ಕೊಳ್ಳಿ.

ಈ ತಿಂಗಳ ಕೆಲಸ

ದೆಹಲಿ: ಮೇಪಲ್ ಇರುವವರು ಗೊಬ್ಬರ ನಿಲ್ಲಿಸಿ. ಎಲೆ ತಾನಾಗಿ ಉದುರಲಿ, ಕೀಳಬೇಡಿ. ಉದುರಿದ ಮೇಲೆ ನೀರು ಕಡಿಮೆ ಮಾಡಿ, ಪೂರ್ತಿ ಒಣಗಲು ಮಾತ್ರ ಬಿಡಬೇಡಿ. ಪ್ರೀತಿಯಿಂದ ಒಳಮನೆಗೆ, ಹೀಟರಿನ ಹತ್ತಿರಕ್ಕೆ ತರಬೇಡಿ. ಚಳಿ ಅದರ ಊಟ.

ಚೆನ್ನೈ: ಹಿಂಗಾರು ಮಳೆಯ ಹೊತ್ತು. ಕುಂಡದ ಒಂದು ಅಂಚಿನ ಕೆಳಗೆ ಚಿಕ್ಕ ಕಟ್ಟಿಗೆ ಇಟ್ಟು ಓರೆ ಮಾಡಿದರೆ ನೀರು ನಿಲ್ಲುವುದಿಲ್ಲ.

ಮುಂಬಯಿ, ಪುಣೆ: ಮಳೆಗಾಲದ ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ, ಕುಂಡದ ತೂತುಗಳನ್ನು ಬಿಡಿಸಿ.

ಹೈದರಾಬಾದ್: ಮಳೆಗಾಲದಲ್ಲಿ ಆಲ, ಅರಳಿಗೆ ಸುತ್ತಿದ ತಂತಿ ಈಗ ತೊಗಟೆಗೆ ಕಚ್ಚಲು ಶುರುವಾಗಿರುತ್ತದೆ. ಬಿಚ್ಚುವ ಬದಲು ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಹುಣಸೆ ಬೀಜ ಊರುವುದಿದ್ದರೆ ಚಳಿ ಕಳೆದು ಫೆಬ್ರವರಿ ಬರಲಿ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಊರಿ.